ನೀರ ಕೇಳಿದೆ ಎಂಬ ಸಾಲು

೧ ಡಿಸೆಂಬರ್ ೧೯೭೪, ಭಾನುವಾರ

ನಾಸಿಕ್‌ನ ಕನ್ನಡ ಸಂಘ ಕೊಡುತ್ತೇನೆಂದದ್ದು: ವಾರಕ್ಕೊಮ್ಮೆ ಹೋಟೆಲಿನ ಮಹಡಿ ಕೋಣೆ, ನಾಲ್ಕರಿಂದ ಆರು. ಪುಸ್ತಕಕ್ಕೊಂದು ಕಪಾಟು. ಬರೆದದ್ದನ್ನು ಓದಲು ಹೆಂಗಸರಿಗೂ ಸರದಿ. ಚಹಾ.

ಕೊಟ್ಟದ್ದು: ಚಹಾ.

ಕೋಣೆ, ಗಿರಾಕಿ ಬಂದರೆ ಇಲ್ಲ. ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಗಳು. ಸರದಿ ಕೇಳಿದರೆ ಸೆಕ್ರೆಟರಿ ಕೃಷ್ಣರಾಜ — ಹೋಟೆಲೂ ಅವರದೇ, ಉಡುಪಿ ಕಡೆಯವರು — ನಗುತ್ತಾರೆ. "ಮುಂದಿನ ಸಲ ಖಂಡಿತ, ಸಿಸ್ಟರ್."

ಇವತ್ತು ಅವರು ನಗುವ ಮೊದಲೇ ಹೋಗಿ ಕುರ್ಚಿ ಹಾಕಿದೆ. ಏಳು ಜನ. ಓಝರ್ ವಿಮಾನ ಕಾರ್ಖಾನೆಯ ಫೋರ್‌ಮನ್ ವಿಶ್ವನಾಥಪ್ಪನವರು ಬೆಳಗಿನ ಮೇಲೆ ನಲವತ್ತೆರಡು ಸಾಲು ಓದಿದರು. ಎಲ್ಲರೂ ತಲೆದೂಗಿದರು. ನನ್ನನ್ನು ನೋಡಿದರು.

"ಸರ್, ಇದರಾಗ ಸೂರ್ಯ ಎಂಟು ಸಲ ಹುಟ್ಟ್ಯಾನ. ಒಬ್ಬ ಮನುಷ್ಯಾನೂ ಎದ್ದಿಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. "ಏನಮ್ಮಾ ಈರಮ್ಮ, ಇಂಜೆಕ್ಷನ್ ಕೊಡೋವಾಗಲಾದ್ರೂ ಮೊದಲು ಸ್ಪಿರಿಟ್ ಹಚ್ತೀರಿ. ಇಲ್ಲಿ ಅದೂ ಇಲ್ವಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಔರಂಗಾಬಾದಿನಲ್ಲಿ ನರ್ಸಿಂಗ್ ಕಲಿತ ಮೂರು ವರ್ಷ, ಚಳವಳಿಯ ಮರಾಠಿ ಪತ್ರಿಕೆ ನಡೆಸುವ ಪ್ರೇಮಾಬಾಯಿಯ ಅಂಗಳದಲ್ಲಿ ಕಲಿತದ್ದು ಇದು. ಬರಹ ಯಾರ ಪರ? ಯಾರ ಬಾಯಿ ಮುಚ್ಚಿಸಿದೆ? ಸುಳ್ಳು ಎಲ್ಲಿದೆ? ಮೂರೇ ಪ್ರಶ್ನೆ. ಕೆಂಪು ಶಾಯಿ. ಮೋರ್ಚಾದ ಹಿಂದಿನ ದಿನ ಕರಪತ್ರ ತಿದ್ದುವಾಗ ಯಾರ ಮನಸ್ಸು ನೋಯುತ್ತದೆಂದು ಕುಳಿತರೆ ಮೋರ್ಚಾ ಹೊರಡುವುದಿಲ್ಲ.

ಆದರೂ... ಅವರ ಎಂಟು ಸೂರ್ಯರು ಹಾಸ್ಟೆಲಿನ ತನಕ ಹಿಂದೆ ಬಂದರು. ಗೋದಾವರಿ ಸೇತುವೆ ದಾಟುವಾಗ ನೀರಿನಲ್ಲಿ ಎಣಿಸಿದೆ. ಒಬ್ಬನೇ ಇದ್ದ.

೫ ಡಿಸೆಂಬರ್, ಗುರುವಾರ, ಮಧ್ಯಾಹ್ನ

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದೆ. ನಿದ್ದೆ ಇಲ್ಲ.

ಬೆಳಿಗ್ಗೆ ಹೆರಿಗೆ ವಾರ್ಡಿನ ವರಾಂಡದಲ್ಲಿ ಒಬ್ಬಳು. ನೆಲದ ಮೇಲೆ ಕುಳಿತು ಮೊಣಕಾಲ ಮೇಲೆ ನೋಟ್‌ಬುಕ್ಕು ಇಟ್ಟು ಬರೆಯುತ್ತಿದ್ದಳು. ಕನ್ನಡ! ಕಣ್ಣನ್ನು ನಂಬಲಿಲ್ಲ. ಹೆಸರು ಸಂಗಮ್ಮ. ಇಂಡಿ ತಾಲ್ಲೂಕಿನವಳು, ನಾಲ್ಕನೇ ಇಯತ್ತೆ ತನಕ ಓದಿದವಳು. ಲಾಸಲಗಾಂವ್ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ. ಅಣ್ಣನ ಹೆಂಡತಿ ಗುಣವತಿಯನ್ನು ಹೆರಿಗೆಗೆ ಕರೆತಂದಿದ್ದಾಳೆ.

"ಏನ್ ಬರೀಲಿಕ್ಕತ್ತಿ?"

"ಏನಿಲ್ರಿ, ಸಿಸ್ಟರ್‌ಬಾಯಾರ. ಹೊತ್ತು ಹೋಗವಲ್ದು."

"ಕೊಡು ಇಲ್ಲಿ."

ಕೊಟ್ಟಳು. ನಾನೇ ಎಳೆದುಕೊಂಡೆ ಎಂದರೂ ತಪ್ಪಿಲ್ಲ. ದುಂಡನೆಯ ದಪ್ಪ ಅಕ್ಷರ. ಒಂದು ಪುಟದಲ್ಲಿ ಇಷ್ಟೇ:

'ಊರ ಬಾವಿ ಹಿಂದ ಕುಂತೆ. ನೀರ ಕೇಳಿದೆ. ಬಾಳೊತ್ತು ಕೇಳಿದೆ. ಯಾರೂ ಏನೂ ಅನ್ನಲಿಲ್ಲ. ಹೊತ್ತು ಮುಳುಗೂ ಮುಂದ ತಂಪಾಗಿ ಎದ್ದು ಬಂದೆ.'

ನಮ್ಮವಳೇ. ಅದೇ ಬಾವಿ. ನಾನೂ ನಮ್ಮೂರು ಔರಾದದ ಬಾವಿಯಿಂದ ಹತ್ತು ಮಾರು ದೂರ ನಿಂತು, ಯಾರಾದರೂ ಮೇಲಿನಿಂದ ಕೊಡಕ್ಕೆ ಸುರಿಯಲಿ ಎಂದು ಬೇಡಿದವಳು. ಆದರೆ ಈ 'ತಂಪಾಗಿ'! ಗುಟುಕು ನೀರು ಸಿಗದವಳು ತಂಪಾಗಿ ಏಳುತ್ತಾಳೆಯೇ? ಹೆದರಿಕೆ ಬರೆಸಿದ ಸುಳ್ಳು ಇದು. ನೋಟ್‌ಬುಕ್ಕು ತಂದಿದ್ದೇನೆ. ಭಾನುವಾರ ಬಾ ಎಂದಿದ್ದೇನೆ. ಕೆಂಪು ಪೆನ್ನಿನ ಮುಚ್ಚಳ ತೆಗೆದಾಗಿದೆ.

೮ ಡಿಸೆಂಬರ್, ಭಾನುವಾರ

ಗೆದ್ದೆವು!

'ಕೇಳಿದೆ' ಹೊಡೆದು 'ಸೇದಿದೆ' ಮಾಡಿದ್ದೆ. 'ಹಿಂದ ಕುಂತೆ' ಹೋಗಿ 'ಮುಂದೆ ನಿಂತೆ'. 'ತಂಪಾಗಿ' ಹೋಗಿ 'ಕೆಂಡವಾಗಿ'. ಅಂಚಿನಲ್ಲಿ ಅವಳಿಗೊಂದು ಮಾತು: 'ಎಷ್ಟು ಹೊತ್ತು ಕೇಳುತ್ತೀ? ಕೇಳಬೇಡ, ಸೇದು!'

ಸಂಗಮ್ಮ ಬಂದಳು. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಓದುವುದಕ್ಕೆ ನಾಚಿಕೆಪಟ್ಟಾಳೆಂದು ನಾನೇ ಓದಿದೆ. 'ಊರ ಬಾವಿಯ ಮುಂದೆ ನಿಂತೆ. ನೀರು ಸೇದಿದೆ. ಯಾರೂ ತಡೆಯಲಿಲ್ಲ. ಕೆಂಡವಾಗಿ ಬಂದೆ.' ಆಮೇಲೆ ಚಪ್ಪಾಳೆ! ಕೃಷ್ಣರಾಜ ಕೂಡ ಕೌಂಟರ್ ಬಿಟ್ಟು ಮೇಲೆ ಬಂದಿದ್ದರು. "ಮೈ ಜುಂ ಅಂತು ಮಾರಾಯ್ರೆ."

"ಹೆಂಗ ಆತು?" ಎಂದು ಸಂಗಮ್ಮನನ್ನು ಕೇಳಿದೆ.

"ಚಲೋ ಆಗ್ಯಾದ್ರಿ," ಅಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು. "ನಿಮ್ದು ಚಲೋ ಆಗ್ಯಾದ."

ಪಾಪ, ಸಂಕೋಚ. ಪ್ರೇಮಾಬಾಯಿಯ ಪತ್ರಿಕೆಗೆ ಮರಾಠಿ ಮಾಡಿ ಕಳಿಸುತ್ತೇನೆ, ನೋಟ್‌ಬುಕ್ಕು ನನ್ನ ಹತ್ತಿರವೇ ಇರಲಿ ಅಂದೆ. ಹೂಂ ಅಂದಳು. ಚಹಾ ಕುಡಿಯದೆ ಹೋದಳು, ಗಾಡಿಗೆ ಹೊತ್ತಾಯಿತೆಂದು.

೧೫ ಡಿಸೆಂಬರ್, ಭಾನುವಾರ

ಸಂಗಮ್ಮ ಬರಲಿಲ್ಲ. ಸುಗ್ಗಿ ಇರಬೇಕು. ಲಾಸಲಗಾಂವ್‌ನಲ್ಲಿ ಈಗ ಗಾಡಿಗಳ ಸಾಲು ಸ್ಟೇಷನ್ ತನಕವಂತೆ.

೨೨ ಡಿಸೆಂಬರ್, ಭಾನುವಾರ

ಬರಲಿಲ್ಲ. ವಿಶ್ವನಾಥಪ್ಪನವರು ಬಂದರು, ಬರಿಗೈಯಲ್ಲಿ. ಏನೂ ತಂದಿಲ್ಲವೇ ಸರ್ ಎಂದರೆ, "ಬೇಡಮ್ಮಾ. ನಿಮ್ಮ ಕೈಗೆ ಕೊಟ್ಟ ಕಾಗದಕ್ಕೆಲ್ಲ ಜ್ವರ ಬರತ್ತೆ."

ಸ್ಟೂಲು ಬಾಗಿಲ ಹತ್ತಿರವೇ ಇತ್ತು. ಯಾರೂ ಕುಳಿತುಕೊಳ್ಳಲಿಲ್ಲ.

೧೩ ಜನವರಿ ೧೯೭೫, ಸೋಮವಾರ, ಮಧ್ಯಾಹ್ನ

ಮೂರು ವಾರ ಬರೆಯಲಿಲ್ಲ. ಮರಾಠಿ ಮುಗಿಯಿತು. ಚೆನ್ನಾಗಿದೆ. ಚೆನ್ನಾಗಿದೆ ಎಂದು ನಾಲ್ಕು ಸಲ ಓದಿಕೊಂಡೆ.

ಬೆಳಿಗ್ಗೆ ಗುಣವತಿ ಮಗುವಿಗೆ ಸೂಜಿ ಹಾಕಿಸಲು ಬಂದಿದ್ದಳು. ಹೆಣ್ಣುಮಗು. ಮುಷ್ಟಿ ಬಿಚ್ಚುವುದೇ ಇಲ್ಲ.

"ನಿನ್ನ ನಾದಿನಿ ಎಲ್ಲಿ? ಏನರ ಬರದಾಳೇನು?"

"ಬರಿಯೂದು ಬಿಟ್ಟಾಳ್ರಿ. ನನಗ ಬರಂಗಿಲ್ಲ ಅಂತಾಳ. ಇನ್ನೊಂದು ಬುಕ್ಕಿನ್ಯಾಗ ಖಾಲಿ ಹಾಳಿ ಇದ್ದುವಲ್ರಿ, ಹರದು ತೂಕದ ಚೀಟಿಗೆ ಕೊಟ್ಟಳು. ಬರದದ್ದು ಅಂದ್ರ ನಿಮ್ಮ ಹಂತ್ಯಾಕ ಇದ್ದದ್ದೊಂದ."

ಅಡ್ಡಾಡುವವಳ ಹಾಗೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದೆ. ಒಂದು ತಿದ್ದುಪಡಿ ತಾಳದವಳು ನಾಳೆ ಊರನ್ನು ಹೇಗೆ ಎದುರಿಸುತ್ತಾಳೆ? ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಇವತ್ತು ಹಸಿವಾಗಲಿಲ್ಲ.

ಈಗ ಮಲಗಿದಾಗ ಕನಸು. ವಾರ್ಡಿನಲ್ಲಿ ಮೊಣಕಾಲುದ್ದ ನೀರು. ಮಂಚಗಳು ನಿಧಾನವಾಗಿ ತೇಲುತ್ತಿವೆ. ಒಂದೊಂದು ಮಂಚದ ಮೇಲೂ ಒಂದೊಂದು ನೋಟ್‌ಬುಕ್ಕು, ಬಿಳಿ ಚಾದರ ಹೊದ್ದು. ನಾನು ನಾಡಿ ನೋಡುತ್ತ ಹೋಗುತ್ತಿದ್ದೇನೆ. ಒಂದರದು ಸಿಗುವುದಿಲ್ಲ. ಕೈ ಎತ್ತಿದರೆ ಬೆರಳೆಲ್ಲ ಕೆಂಪು.

೧೮ ಜನವರಿ, ಶನಿವಾರ, ಔರಂಗಾಬಾದ್

ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯಬೇಕು. ಇವತ್ತೇ ಬರೆಯಬೇಕು.

ಪ್ರೇಮಾಬಾಯಿ ಪಾಣಚಕ್ಕಿಗೆ, ಆ ಹಳೆಯ ನೀರಗಿರಣಿಗೆ, ಬಾ ಎಂದಿದ್ದರು. ಆಲದ ಕೆಳಗೆ ಕಲ್ಲುಕಟ್ಟೆ, ಕೊಳ, ಮೇಲಿನಿಂದ ಸುರಿಯುವ ನೀರು. ಶಾಲೆಯಿಂದ ರಿಟೈರ್ ಆದಮೇಲೆ ಪತ್ರಿಕೆಯ ಕೆಲಸವೆಲ್ಲ ಅಲ್ಲೇ. ಕಾಗದಗಳ ಮೇಲೆ ಕಲ್ಲು ಹೇರಿ ಕುಳಿತಿದ್ದರು. ನನ್ನ ಮರಾಠಿ ಓದಿದರು. ಎರಡು ಸಲ ಓದಿದರು.

"ಛಾನ ಆಹೆ," ಅಂದರು. ಚೆನ್ನಾಗಿದೆ. ಆಮೇಲೆ — "ಪಣ ಹೀ ತೂ ಆಹೇಸ, ಈರಾ." ಆದರೆ ಇದು ನೀನು.

"ತಿದ್ದಿದ್ದೇನೆ ಬಾಯಿ. ನೀವು ಕಲಿಸಿದ ಹಾಗೆ."

"ತಿದ್ದುವ ಮೊದಲು ಏನಿತ್ತು? ಹೊಡೆದುಹಾಕಿದ್ದನ್ನೂ ಸೇರಿಸಿ ಓದು. ಕನ್ನಡದಲ್ಲೇ ಓದು, ಒಂದೊಂದು ಮಾತಿಗೆ ಅರ್ಥ ಹೇಳುತ್ತ ಹೋಗು."

ನೋಟ್‌ಬುಕ್ಕು ತೆಗೆದೆ. ಕೆಂಪು ಗೀಟಿನ ಅಡಿಯಿಂದ ಅಕ್ಷರ ಹುಡುಕಿ ಓದಬೇಕಾಯಿತು. ನೀರ, ಅಂದರೆ ಪಾಣಿ. ಕೇಳಿದೆ, ಅಂದರೆ ಮಾಗಿತಲಂ, ಬೇಡಿದೆ. ಬಹಳ ಹೊತ್ತು ಬೇಡಿದೆ. ತಂಪಾಗಿ ಎದ್ದು ಬಂದೆ.

"ಬೇಡಿದಳು. ಯಾರೂ ಕೊಡಲಿಲ್ಲ. ಮತ್ತೆ ತಂಪು ಹೇಗಾದಳು?"

"ಅದೇ ಸುಳ್ಳು, ಬಾಯಿ. ಅದಕ್ಕೇ ಹೊಡೆದುಹಾಕಿದೆ."

"ಸುಳ್ಳು ಅವಳದೋ ನಿನ್ನದೋ? ಕೇಳಿದೆ ಅಂದರೆ ನಿಮ್ಮ ಭಾಷೆಯಲ್ಲಿ ಬರೀ ಬೇಡಿದೆ ಅಂತಲೋ?"

"ಇಲ್ಲ... ಐಕಲಂ ಅಂತಲೂ —"

ಐಕಲಂ. ಕಿವಿಗೊಟ್ಟೆ. ನೀರ ಕೇಳಿದೆ. ಬಾಳೊತ್ತು ಕೇಳಿದೆ.

ಕೊಳಕ್ಕೆ ನೀರು ಬೀಳುತ್ತಿತ್ತು. ಅಷ್ಟು ಹೊತ್ತೂ ಬೀಳುತ್ತಲೇ ಇತ್ತು. ಕಟ್ಟೆಯ ಮೇಲೆ ಒಬ್ಬ ಮುದುಕ ಕಣ್ಣು ಮುಚ್ಚಿ ಕುಳಿತಿದ್ದ. ಆಲದ ಎಲೆಗಳ ನೆರಳು ಅವನ ಬಿಳಿ ಟೋಪಿಯ ಮೇಲೆ ಮೀನಿನ ಹಾಗೆ ಆಡುತ್ತಿತ್ತು.

ಕನ್ನಡದವಳು ನಾನು. ಹುಟ್ಟಿದಾಗಿನಿಂದ ಆಡಿದ ಮಾತು. ಮರಾಠಿಯವರು ಕೇಳಿದಮೇಲೆ ತಿಳಿಯಿತು. ಬಾವಿ ಅಂದಕೂಡಲೇ ನನ್ನ ಬಾವಿ ಕಂಡಿತು. ಅವಳದನ್ನು ನೋಡಲೇ ಇಲ್ಲ.

ಪ್ರೇಮಾಬಾಯಿ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಮೂರು ಪ್ರಶ್ನೆ ಕಲಿಸಿದೆ. ಅದಕ್ಕೂ ಮೊದಲಿನದನ್ನು ಕಲಿಸಲಿಲ್ಲ, ಕಲಿತಿರುತ್ತೀ ಅಂದುಕೊಂಡೆ," ಅಂದರು. "ಮಾರ್ಚ್ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಹಿಡಿದಿರುತ್ತೇನೆ. ಅವಳು ಹೂಂ ಅಂದರೆ ಅವಳ ಮಾತು ಅಚ್ಚಾಗುತ್ತದೆ. ಇಲ್ಲದಿದ್ದರೆ ಪುಟ ಖಾಲಿ ಹೋಗುತ್ತದೆ. ನಿನ್ನದು ಬೇಡ."

ಮರಾಠಿ ಹಾಳೆ ನನ್ನ ಕೈಗೆ ವಾಪಸ್ ಬಂತು.

೧೯ ಜನವರಿ, ಭಾನುವಾರ, ಎಸ್.ಟಿ. ಬಸ್ಸಿನಲ್ಲಿ

ವೈಜಾಪುರ ದಾಟಿತು. ಕಿಟಕಿ ಗಾಜು ಮುಚ್ಚುವುದಿಲ್ಲ. ಜೋಳದ ಹೊಲಗಳು, ಮಂಜು, ಮತ್ತೆ ಹೊಲಗಳು. ತೂಕಡಿಸಿದರೆ ಎಲ್ಲವೂ ಒಂದೇ ಬಣ್ಣ. ಪಕ್ಕದ ಮುದುಕಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಅಲುಗಾಡದೆ ಬರೆಯುತ್ತಿದ್ದೇನೆ.

ಇನ್ನೂ ಎಷ್ಟು ಜನರದು ಹೀಗೆ...? ಕೆಂಪು ಶಾಯಿ ಒರೆಸಲು ಬರುವುದಿಲ್ಲ. ಬ್ಲೇಡಿನಿಂದ ಕೆರೆದರೆ ಅವಳ ಅಕ್ಷರವೂ ಹೋಗುತ್ತದೆ.

೨೩ ಜನವರಿ, ಗುರುವಾರ

ವೀಕ್ಲಿ ಆಫ್. ಪ್ಯಾಸೆಂಜರ್ ಹಿಡಿದು ಲಾಸಲಗಾಂವ್. ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿಯ ಗುಡ್ಡಗಳು. ಗಾಳಿ ಬೀಸಿದರೆ ಸಿಪ್ಪೆ ಏಳುತ್ತದೆ — ತೆಳ್ಳನೆ, ಗುಲಾಬಿ, ಬಿಸಿಲು ತೂರಿ ಬರುವಂಥದು. ತಲೆ ಮೇಲೆ, ಸೀರೆ ಮೇಲೆ, ರೆಪ್ಪೆ ಮೇಲೆ. ಹೆಂಗಸರ ಕಾಲು ಪಾದದ ತನಕ ಅದರಲ್ಲಿ ಹೂತಿವೆ. ಯಾವುದೋ ನಿದ್ದೆಯೊಳಗೆ ಕಾಲಿಟ್ಟ ಹಾಗಿತ್ತು.

ನನ್ನ ಬಿಳಿ ಸೀರೆ ನೋಡಿ ಅವಳ ಊರಿನ ಕಡೆಯವಳೇ ಒಬ್ಬಳು ಕೂಗಿದಳು. "ಏ ಸಂಗವ್ವಾ, ಸೂಜಿ ಚುಚ್ಚಾಕ ಬಂದಾರ ನೋಡು! ಎಲ್ಲಿ ಅಂತ ಹೇಳ್ಯಾರೇನ?" ನಗೆ ಗುಡ್ಡದಿಂದ ಗುಡ್ಡಕ್ಕೆ ಹಾರಿತು.

ಸಂಗಮ್ಮ ಎದ್ದು ನಿಂತಳು. "ಬರ್ರಿ ಅಕ್ಕಾರ." ಮತ್ತೆ ಕುಳಿತಳು. "ಕೆಲಸದಾಗ ಅದೀನ್ರಿ."

ನಾನೂ ಪಕ್ಕದಲ್ಲಿ ಕುಳಿತೆ. ಸುಮ್ಮನೆ ಕೂರಲಾರದೆ ಆರಿಸತೊಡಗಿದೆ. ದೊಡ್ಡದು ಈ ಕಡೆ, ಸಣ್ಣದು ಆ ಕಡೆ, ಕೆಟ್ಟದ್ದು ಹಿಂದಕ್ಕೆ. ನಡುವೆ ಸೀಳಿದ ಹಾಗಿದ್ದ ಒಂದನ್ನು ಹಿಂದಕ್ಕೆ ಎಸೆದೆ. ಅವಳು ಕೈ ಚಾಚಿ ಮರಳಿ ತಂದಳು.

"ಹಂಗ ಒಗೀಬ್ಯಾಡ್ರಿ. ಕೆಟ್ಟಿಲ್ಲ ಅದು, ಜೋಡಿಗಡ್ಡಿ. ಒಂದ ಸಿಪ್ಪಿಯೊಳಗ ಎರಡು." ಉಗುರಿನಿಂದ ಸಿಪ್ಪೆ ಸರಿಸಿ ತೋರಿಸಿದಳು. "ಆರಸೂ ಮುಂದ ಕೈಯಾಗ ಹಿಡದು ಒಂದು ಸುತ್ತು ತಿರುವಬೇಕ್ರಿ."

ತಿರುವಿದೆ. ಸಂಜೆಯ ತನಕ ತಿರುವಿ ತಿರುವಿ ಆರಿಸಿದೆ. ಹೊರಡುವಾಗ ಹೇಳಿದೆ — ತಪ್ಪು ಮಾಡಿದೆ, ನಿನ್ನ ಸಾಲು ನನಗೆ ತಿಳಿಯಲಿಲ್ಲ.

"ನೀವು ಓದಿದ್ರಿ," ಅಂದಳು. ತಲೆ ಎತ್ತಲಿಲ್ಲ. "ಓದಿದ ಮ್ಯಾಲೆ ಏನು ಅಂತ ನನ್ನ ಕೇಳಲಿಲ್ಲಲ್ರಿ."

ರೈಲಿನಲ್ಲಿ ಜಡೆಯಿಂದ ಸಿಪ್ಪೆ ಉದುರುತ್ತಲೇ ಇತ್ತು.

೨ ಫೆಬ್ರವರಿ, ಭಾನುವಾರ

ಸಂಘದಲ್ಲಿ ಎದ್ದು ನಿಂತು ಹೇಳಿದೆ. ಡಿಸೆಂಬರ್ ಎಂಟರಂದು ನೀವು ಚಪ್ಪಾಳೆ ತಟ್ಟಿದ್ದು ಸಂಗಮ್ಮನ ಬರಹಕ್ಕಲ್ಲ. ನನ್ನ ತಪ್ಪಿಗೆ. 'ಕೇಳಿದೆ' ಏನೆಂದು ವಿವರಿಸಿದೆ. ಕೃಷ್ಣರಾಜ ಹಣೆ ಬಡಿದುಕೊಂಡರು. "ಅಯ್ಯೋ ದೇವರೇ! ಎಂತ ಮಾಡಿಬಿಟ್ರಿ ಸಿಸ್ಟರ್. ನನಗೂ ಹೊಳೀಲಿಲ್ಲ ನೋಡಿ."

ಆಮೇಲೆ ವಿಶ್ವನಾಥಪ್ಪನವರ ಕಡೆ ತಿರುಗಿದೆ. "ಸರ್, ನಿಮ್ಮ ಎಂಟು ಸೂರ್ಯರೊಳಗ ನೀವು ಖರೇ ಕಂಡಿದ್ದು ಯಾವುದು?"

ಅವರು ಅನುಮಾನದಿಂದ ನೋಡಿದರು. ಸೂಜಿ ಎಲ್ಲಿ ಅಡಗಿಸಿದ್ದೇನೆಂದು ಹುಡುಕುವವರ ಹಾಗೆ. ತಡವಾಗಿ ಹೇಳಿದರು. "ಕಂಡಿದ್ದಾ? ಫಸ್ಟ್ ಶಿಫ್ಟಿಗೆ ಹೋದಾಗ ಶೆಡ್ಡಿನ ಬಾಗಿಲು ತೆಗೀತೀವಲ್ಲ. ಇನ್ನೂ ಬಣ್ಣ ಬಳಿಯದ ರೆಕ್ಕೆ ಇರತ್ತೆ, ಬರೀ ತಗಡು. ಅದರ ಮೇಲೆ ಬಿಸಿಲು ಜಾರಿಕೊಂಡು ಬರತ್ತೆ. ಹುಡುಗರೆಲ್ಲ ಅದಕ್ಕೆ ಕೈ ಹಿಡಿದು ಕಾಯಿಸ್ಕೊಳ್ತಾರೆ, ಚಳಿಗೆ."

"ಅದು ಪದ್ಯದಾಗ ಇಲ್ಲಲ್ಲ ಸರ್?"

"ಅದನ್ನ ಬರೆಯೋದಾ? ಅದು ದಿನಾ ಕಾಣತ್ತಲ್ಲಮ್ಮಾ!"

ಕೋಣೆಯಲ್ಲಿ ಆ ರೆಕ್ಕೆ ಇತ್ತು. ಅವರೂ ಅದನ್ನೇ ನೋಡುತ್ತಿದ್ದರು. ಜೇಬಿನಿಂದ ಪೆನ್ಸಿಲ್ ತೆಗೆದು ಬಿಲ್ಲಿನ ಹಿಂದೆ ಏನೋ ಗೀಚಿಕೊಂಡರು. ನಾನು ಇಣುಕಲಿಲ್ಲ.

೬ ಫೆಬ್ರವರಿ, ಗುರುವಾರ

ಮತ್ತೆ ಲಾಸಲಗಾಂವ್. ಊಟದ ಹೊತ್ತಿಗೆ ಮುಟ್ಟಿದೆ. ಗಾಡಿಯ ನೆರಳಲ್ಲಿ ಸಂಗಮ್ಮ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ಕಾರ, ಹಸಿ ಈರುಳ್ಳಿ. ತಿಂದಮೇಲೆ ನೋಟ್‌ಬುಕ್ಕು ಅವಳ ಮಡಿಲಲ್ಲಿಟ್ಟೆ.

"ಆ ಬಾವೀದು ಹೇಳವ್ವಾ."

"ಏನ್ ಹೇಳೂದ್ರಿ... ನಾ ಸಣ್ಣಾಕಿ ಇದ್ದೆ. ಎಲ್ಲಾರೂ ನೀರ ಒಯ್ದ ಮ್ಯಾಲೆ ಬಾವಿ ಹಿಂದ ಹೋಗಿ ಕುಂಡ್ರತಿದ್ದೆ. ಒಳಗ ಒಂದೊಂದ ಹನಿ ಬೀಳ್ತಿತ್ತು. ಹಗ್ಗದಿಂದ, ಕಲ್ಲಿನಿಂದ. ಬಿದ್ದದ್ದು ತಡಾ ಮಾಡಿ ಕೇಳ್ತಿತ್ರಿ, ಆಳ ಐತಲ್ಲ. ಕೇಳ್ಕೋತ ಕುಂತ್ರ ಮೈಯೆಲ್ಲಾ ತಣ್ಣಗ ಆಗ್ತಿತ್ತು."

"ಯಾರೂ ಎಬ್ಬಿಸಲಿಲ್ಲೇನು?"

"ಯಾಕ ಎಬ್ಬಸ್ತಾರ? ನೀರ ಮುಟ್ಟಬ್ಯಾಡ ಅಂದಿದ್ರು. ಕೇಳಬ್ಯಾಡ ಅಂದಿದ್ದಿಲ್ಲಲ್ರಿ."

ಹುಲಿ ಮೈಮೇಲೆ ಬಿದ್ದ ಹಾಗಾಯಿತು. ಹತ್ತು ವರ್ಷ ಮೈಕಿನ ಮುಂದೆ ಕೂಗಿದ್ದೇನೆ. ಇಂಥದ್ದೊಂದು ನನ್ನ ಬಾಯಿಂದ ಬಂದಿಲ್ಲ.

"ಇದನ್ನ ಬರೀ ಸಂಗಮ್ಮ! ಈ ಮಾತನ್ನ ಹಿಂಗಾ ಬರೀ!"

ಅವಳು ನನ್ನನ್ನು ನೋಡಿದಳು. ಚೊಚ್ಚಲ ಬಸುರಿಯನ್ನು ನೋಡುವ ಹಾಗೆ, ಕರುಣೆಯಿಂದ.

"ಬರದೀನಲ್ರಿ ಅಕ್ಕಾರ. ಅದನ್ನ ಬರದದ್ದು."

ಎತ್ತುಗಳು ಮೆಲುಕು ಹಾಕುತ್ತಿದ್ದವು. ಆಮೇಲೆ ಹೇಳಿದೆ — ಸಂಘದಲ್ಲಿ ನೀನೇ ಓದು, ನೀನು ಬರೆದ ಹಾಗೆ. ಔರಂಗಾಬಾದಿನಲ್ಲಿ ಒಂದು ಪುಟ ನಿನಗಾಗಿ ಕಾದಿದೆ. ಬೇಡ ಅಂದರೆ ಖಾಲಿ ಇರುತ್ತದೆ, ಬೇರೆಯವರಿಗೆ ಹೋಗುವುದಿಲ್ಲ.

ನೋಟ್‌ಬುಕ್ಕು ತೆರೆದಳು. ನನ್ನ ಕೆಂಪು ಬಿಸಿಲಿಗೆ ಇನ್ನೂ ಕೆಂಪಾಗಿತ್ತು. ಹೊಸದು ತಂದಿದ್ದೇನೆ, ಅದರಲ್ಲಿ ಬರೆದುಕೋ ಎಂದೆ.

"ಹೊಸಾದು ಬ್ಯಾಡ." ಬೆರಳಿಟ್ಟು ಗೀಟಿನ ಕೆಳಗಿನ ಅಕ್ಷರ ಒಂದೊಂದಾಗಿ ಸವರಿದಳು. ತುಟಿ ಅಲುಗುತ್ತಿತ್ತು. ಮುಚ್ಚಿದಳು. "ವಿಚಾರ ಮಾಡ್ತೀನ್ರಿ."

ಅಷ್ಟೇ. ಎದ್ದು ಗುಡ್ಡದ ಕಡೆ ಹೋದಳು.

೧೨ ಫೆಬ್ರವರಿ, ಬುಧವಾರ

ಗುಣವತಿ ಮಗುವಿನ ಎರಡನೇ ಸೂಜಿಗೆ ಬಂದಳು. ಮಗು ಈಗ ಮುಷ್ಟಿ ಬಿಚ್ಚುತ್ತದೆ. ಹೆಸರಿಟ್ಟಿದ್ದಾರೆ, ವನಜಾ.

"ಆಕಿ ಬರ್ತಾಳಂತ್ರಿ. ಓದ್ತಾಳಂತ. ಪುಟದ ಮಾತು ಓದಿದ ಮ್ಯಾಲೆ ಹೇಳ್ತಾಳಂತ. ಆದ್ರ ಒಂದು ಕರಾರು ಐತಂತ."

"ಏನು?"

"ಎರಡು ಸಲ ಓದ್ತಾಳಂತ. ಒಂದ ಸಲಕ್ಕ ತಿಳಿಯಾಂಗಿಲ್ಲಂತ ನಿಮ್ಮಂಥವರಿಗೆ." ಸೆರಗು ಬಾಯಿಗೆ ಹಿಡಿದು ನಕ್ಕಳು. "ಮತ್ತ, ಓದಿದ ಮ್ಯಾಲೆ ಎಲ್ಲಾರೂ ಮಾತಾಡಲಿ, ಸಿಸ್ಟರ್‌ಬಾಯಾರು ಕಡೀಕ ಮಾತಾಡಲಿ ಅಂದಾಳ್ರಿ."

ಒಪ್ಪಿದೆ. ಮಗುವಿಗೆ ಸೂಜಿ ಹಾಕಿ ಕಳಿಸಿದೆ. ಕೃಷ್ಣರಾಜರಿಗೆ ಫೋನು ಮಾಡಿದೆ. ಕೋಣೆ ಯಾರಿಗೂ ಕೊಡಬಾರದು ಎಂದೆ. "ಆಯ್ತು ಮಾರಾಯ್ರೆ, ಬೋರ್ಡಿನಲ್ಲಿ ಎಂತ ಬರೆಯುವುದು?" ಎಂದು ಕೇಳಿದರು. ಹೇಳಿದೆ. ಅವರು ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದುಕೊಂಡರು.

ಓದುವವರು: ಸಂಗಮ್ಮ, ಲಾಸಲಗಾಂವ್. ಭಾನುವಾರ, ೧೬ ಫೆಬ್ರವರಿ, ಸಂಜೆ ನಾಲ್ಕು ಗಂಟೆ.